ಮರಳಿ ಬರುವ ವಸ್ತುವಿನ ಬೆನ್ನುಹತ್ತಿ: ಸಿನಿಮಾದ ಕಥನವನ್ನು ಬಿಡಿಸಿ ನೋಡುವುದು ಹೇಗೆ?

ಫಿಲ್ಮ್ ಸೊಸೈಟಿಯ ಚರ್ಚೆಗಳಲ್ಲಾಗಲಿ, ಪದವಿ ವಿದ್ಯಾರ್ಥಿಗಳ ಪ್ರಬಂಧಗಳಲ್ಲಾಗಲಿ, ಹಳ್ಳಿಯ ಬಡ ಕುಟುಂಬವೊಂದರ ಕಥೆ ಹೇಳುವ ಸತ್ಯಜಿತ್ ರಾಯ್ ಅವರ ಬಂಗಾಳಿ ಚಿತ್ರ ‘ಪಥೇರ್ ಪಾಂಚಾಲಿ’ಯ (1955) ಪ್ರಸ್ತಾಪ ಬಂದ ಕೂಡಲೇ ‘ರೈಲು ಆಧುನಿಕತೆಯ ಸಂಕೇತ’ ಎಂಬ ವಾಕ್ಯ ಬಂದೇ ಬರುತ್ತದೆ. ಬಹುಪಾಲು ವಿಶ್ಲೇಷಣೆಗಳು ಅಲ್ಲಿಗೇ ನಿಂತುಬಿಡುತ್ತವೆ. ಆ ಚಿತ್ರವನ್ನೇ ಎದುರಿಗಿಟ್ಟುಕೊಂಡು ಇನ್ನಷ್ಟು ಮುಂದಕ್ಕೆ ಹೋಗುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲ ಹಂತ: ಪೆನ್ನು, ಪುಸ್ತಕ ಬದಿಗಿಟ್ಟು ಇಡೀ ಚಿತ್ರವನ್ನು ಒಮ್ಮೆ ನೋಡಿ.

ಎರಡನೆಯ ಹಂತ: ಮತ್ತೊಮ್ಮೆ ನೋಡುತ್ತಾ ದೃಶ್ಯಕ್ಕೊಂದು ಸಾಲಿನಂತೆ ಬರೆದುಕೊಳ್ಳಿ. ಕಥೆಯೇ ಇಲ್ಲವೆಂದು ತೋರುವ ಈ ಚಿತ್ರಕ್ಕೆ ಎಷ್ಟು ಗಟ್ಟಿಯಾದ ಬೆನ್ನೆಲುಬಿದೆಯೆಂಬುದು ಆಗ ಕಾಣುತ್ತದೆ: ಮುದುಕಿ ಇಂದಿರ್‌ಳ ಸಾವು, ತಂದೆ ಹರಿಹರನ ದೀರ್ಘ ಗೈರುಹಾಜರಿ, ಮಗಳು ದುರ್ಗಾಳ ಸಾವು, ಕಡೆಗೆ ಊರು ಬಿಡುವುದು.

ಇಲ್ಲಿ ಪ್ರತಿಯ ಬಗ್ಗೆ ಒಂದು ಮಾತು. ಚಿತ್ರದ ಮೂಲ ನೆಗೆಟಿವ್ 1993ರಲ್ಲಿ ಲಂಡನ್ನಿನ ಬೆಂಕಿ ಅನಾಹುತದಲ್ಲಿ ಹಾಳಾಯಿತು. ಬಹಳ ಶ್ರಮದಿಂದ ಪುನರುಜ್ಜೀವನಗೊಳಿಸಿದ ಪ್ರತಿ 2015ರಲ್ಲಿ ಹೊರಬಂತು. ಅದನ್ನೇ ನೋಡಿ. ಅಂತರ್ಜಾಲದಲ್ಲಿ ಸಿಗುವ ಮಸುಕು ಪ್ರತಿಗಳಲ್ಲಿ ನಮಗೆ ಬೇಕಾದ ವಿವರಗಳೇ ಮುಚ್ಚಿಹೋಗಿರುತ್ತವೆ. ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ನೋಡುವುದನ್ನೂ, ಹತ್ತು ನಿಮಿಷದಲ್ಲಿ ಕಥೆ ಹೇಳಿ ಮುಗಿಸುವ ವಿಡಿಯೊಗಳನ್ನೂ ದೂರವಿಡಿ.

ಮೂರನೆಯ ಹಂತ: ಮೋಟಿಫ್, ಅಂದರೆ ಮರಳಿ ಮರಳಿ ಬಂದು ಅರ್ಥ ಕಟ್ಟುವ ವಸ್ತು ಅಥವಾ ಸದ್ದು, ಯಾವುದೆಂದು ಗುರುತಿಸುವುದು. ಹೆಚ್ಚಿನವರು ಎಡವುವುದು ಇಲ್ಲೇ. ಪದೇ ಪದೇ ಕಾಣಿಸಿದ್ದೆಲ್ಲ ಮೋಟಿಫ್ ಆಗುವುದಿಲ್ಲ. ಹಸು, ಬೆಕ್ಕುಗಳು ಈ ಚಿತ್ರದಲ್ಲಿ ಹಲವು ಸಲ ಕಾಣಿಸಿದರೂ ಅವು ಮುಖ್ಯವಾಗಿ ಆ ಮನೆಯ ವಾತಾವರಣಕ್ಕೆ ಸೇರಿದವು. ಮರಳಿ ಬಂದಾಗಲೆಲ್ಲ ಯಾವುದರ ಸಂದರ್ಭ ಬದಲಾಗಿರುತ್ತದೆಯೋ, ಯಾವುದು ಹಿಂದಿನ ದೃಶ್ಯಕ್ಕೆ ಹೊಸದೇನನ್ನೋ ಸೇರಿಸುತ್ತದೆಯೋ ಅದನ್ನು ಮಾತ್ರ ಆರಿಸಿಕೊಳ್ಳಿ. ಆಮೇಲೆ ಮೂರು ಕಾಲಂಗಳ ಪಟ್ಟಿ ಮಾಡಿ: ಯಾವಾಗ ಬಂತು, ಯಾರು ನೋಡಿದರು ಅಥವಾ ಕೇಳಿದರು, ಅದರ ಹಿಂದೆ ಮುಂದೆ ಏನಾಯಿತು.

ರೈಲನ್ನೇ ತೆಗೆದುಕೊಳ್ಳಿ. ಅದು ಮೊದಲು ಬರುವುದು ಬರೀ ಸದ್ದಾಗಿ, ರಾತ್ರಿ ಮನೆಮಂದಿಯೆಲ್ಲ ಒಟ್ಟಿಗಿರುವಾಗ. ಎರಡನೆಯ ಸಲ ಬಿಳಿ ಹೂವಿನ ಎತ್ತರದ ಹುಲ್ಲಿನ ಬಯಲಿನಲ್ಲಿ ಅದು ಕಣ್ಣಿಗೆ ಬೀಳುತ್ತದೆ. ಓಟದಲ್ಲಿ ದುರ್ಗಾ ಹಿಂದೆ ಬೀಳುತ್ತಾಳೆ, ಹಳಿಯ ಬಳಿಗೆ ಮುಟ್ಟುವವನು ತಮ್ಮ ಅಪು. ಅಲ್ಲಿಂದ ಮರಳುವ ದಾರಿಯಲ್ಲೇ, ಬಿದಿರಿನ ಮೆಳೆಯಲ್ಲಿ ಕುಳಿತಂತೆಯೇ ಸತ್ತಿರುವ ಇಂದಿರ್‌ಳನ್ನು ಮಕ್ಕಳು ಕಾಣುತ್ತಾರೆ. ಮೂರನೆಯ ಸಲ ರೈಲು ಇರುವುದು ಮಾತಿನಲ್ಲಷ್ಟೇ: ಜ್ವರದಿಂದ ಮಲಗಿದ ದುರ್ಗಾ, ವಾಸಿಯಾದ ಮೇಲೆ ಮತ್ತೆ ರೈಲು ನೋಡಲು ಹೋಗೋಣವೆನ್ನುತ್ತಾಳೆ. ಅವಳು ಹೋಗುವುದಿಲ್ಲ. ಉಳಿದವರು ಊರು ಬಿಡುವುದು ಎತ್ತಿನ ಗಾಡಿಯಲ್ಲಿ. ನಾವು ನಿರೀಕ್ಷಿಸುವ ಜಾಗದಲ್ಲಿ ಬಾರದಿರುವುದನ್ನೂ ಪಟ್ಟಿಯಲ್ಲಿ ತಪ್ಪದೆ ನಮೂದಿಸಬೇಕು. ಇಷ್ಟನ್ನು ಬರೆದಿಟ್ಟವರಿಗೆ, ಅಕ್ಕನಿಗೆ ಕೈಗೆಟುಕದ್ದು ತಮ್ಮನಿಗೆ ಎಟುಕುವ ಎಳೆ ತಾನಾಗಿ ಸಿಗುತ್ತದೆ.

ಇದಕ್ಕಿಂತಲೂ ನನಗೆ ಮುಖ್ಯವೆನಿಸುವುದು ಮಣಿಸರ. ನೆರೆಮನೆಯವರು ಕಳ್ಳತನದ ಆರೋಪ ಹೊರಿಸಿದಾಗ ದುರ್ಗಾ ತಾನು ಕದ್ದಿಲ್ಲವೆನ್ನುತ್ತಾಳೆ. ತಾಯಿ ಅವಳ ಜುಟ್ಟು ಹಿಡಿದೆಳೆದು ಹೊರಗಟ್ಟುತ್ತಾಳೆ. ದುರ್ಗಾ ಸತ್ತ ಮೇಲೆ, ಮನೆ ಖಾಲಿ ಮಾಡುವ ಹೊತ್ತಿನಲ್ಲಿ ಆ ಸರ ಅಪುವಿನ ಕೈಗೆ ಸಿಗುತ್ತದೆ. ಅವನು ಯಾರಿಗೂ ಹೇಳದೆ ಅದನ್ನು ಕೆರೆಗೆ ಎಸೆಯುತ್ತಾನೆ. ನೀರ ಮೇಲಿನ ಪಾಚಿ ಬಿರಿದು, ನಿಧಾನವಾಗಿ ಕೂಡಿಕೊಳ್ಳುತ್ತದೆ. ಸತ್ಯವನ್ನು ಕೊನೆಯವರೆಗೂ ತಡೆಹಿಡಿದದ್ದು ಕಥನದ ತೀರ್ಮಾನ. ಅದು ಗೊತ್ತಾದ ಕ್ಷಣವೇ ಹಿಂದಿನ ಜಗಳದ ದೃಶ್ಯವನ್ನು ನಾವು ಬೇರೆ ರೀತಿಯಲ್ಲಿ ಓದಬೇಕಾಗುತ್ತದೆ. ಮೋಟಿಫ್ ಮತ್ತು ಕಥನದ ಕಟ್ಟಡ ಒಂದನ್ನೊಂದು ಹಿಡಿದು ನಿಂತಿರುವ ಇಂಥ ಜಾಗವನ್ನು ಹುಡುಕುವುದೇ ವಿಶ್ಲೇಷಣೆಯ ಕೆಲಸ.

ನಾಲ್ಕನೆಯ ಹಂತ: ಈ ಪಟ್ಟಿಯನ್ನು ದೃಶ್ಯಗಳ ಪಟ್ಟಿಯ ಪಕ್ಕದಲ್ಲಿಟ್ಟು ಬರೆಯಲು ತೊಡಗಿ. ಮೊದಲ ಕರಡಿನಲ್ಲಿ ‘ಸಂಕೇತಿಸುತ್ತದೆ’ ಎಂಬ ಕ್ರಿಯಾಪದವನ್ನು ಬಳಸಲೇಬೇಡಿ. ಆ ವಸ್ತು ಏನು ಮಾಡುತ್ತದೆ ಎಂಬುದನ್ನಷ್ಟೇ ಹೇಳಿ.

ಇದು ಕೈಗೆ ಒಗ್ಗಿದ ಮೇಲೆ ಅದೇ ಪಟ್ಟಿಯನ್ನು, ಅಪುವಿನ ಕಥೆಯನ್ನು ಮುಂದುವರಿಸುವ ರಾಯ್ ಅವರ ‘ಅಪರಾಜಿತೋ’ (1956), ‘ಅಪುರ್ ಸಂಸಾರ್’ (1959) ಚಿತ್ರಗಳಿಗೂ ಮುಂದುವರಿಸಿ. ಕೊನೆಯ ಚಿತ್ರದಲ್ಲಿ ಬೆಳೆದ ಅಪು ರೈಲು ಹಳಿಗಳ ಪಕ್ಕದ ಕೋಣೆಯಲ್ಲಿ ವಾಸಿಸುತ್ತಾನೆ, ಅವನು ತಂದ ಆಟಿಕೆ ರೈಲನ್ನು ಮಗ ಎಸೆದುಬಿಡುತ್ತಾನೆ. ಈ ಎರಡಕ್ಕೂ ಮೂರನೆಯ ಕಾಲಂನಲ್ಲಿ ಏನು ಬರೆಯುತ್ತೀರೆಂಬುದನ್ನು ಮೊದಲ ಚಿತ್ರದ ಪಟ್ಟಿ ನೋಡಿಕೊಂಡೇ ನಿರ್ಧರಿಸಿ.