140 ಹಾಕಿದ್ರೆ ಶಬ್ದ ನಿಲ್ಲುತ್ತೆ ಅಂದ್ರು

ಆಲ್ದೂರಿನ ಹತ್ತಿರ ನಮ್ಮದೊಂದು ಸಣ್ಣ ತೋಟ. ಕಾಫಿ ಮೂಟೆ, ಗೊಬ್ಬರ, ಆಳುಗಳು, ಎಲ್ಲಕ್ಕೂ ಒಂದೇ ಹಳೇ ಜೀಪು. ಕಳೆದ ಕೊಯ್ಲಿನ ಹೊತ್ತಿಗೆ ಸ್ಪೀಡು ಐವತ್ತು ದಾಟಿದರೆ ಸಾಕು, ಹಿಂದಿನಿಂದ ಗುಂಯ್ ಅಂತ ಶಬ್ದ. ಕೇಳಿದವರೆಲ್ಲ ಹೇಳಿದ್ದು ಒಂದೇ. "ಡಿಫ್ರೆನ್ಷಿಯಲ್ಲಿಗೆ 140 ಆಯಿಲ್ ಹಾಕಿ ಸಾರ್, ನಿಲ್ಲುತ್ತೆ." ಡಿಫ್ರೆನ್ಷಿಯಲ್ ಅಂದರೆ ಹಿಂದಿನ ಆಕ್ಸಲಿನ ನಡುವೆ ಚಕ್ರಗಳನ್ನು ತಿರುಗಿಸುವ ಗೇರುಗಳ ಗುಂಪು, 140 ಅನ್ನೋದು ಎಣ್ಣೆಯ ಗಟ್ಟಿತನದ ನಂಬರು.

ಚಿಕ್ಕಮಗಳೂರಿನ ಅಂಗಡಿಯಲ್ಲಿ 140 ಖಾಲಿಯಾಗಿತ್ತು. "90 ಇದೆ, ಎಲ್ಲ ಒಂದೇ" ಅಂತ ಒಂದು ಡಬ್ಬ ಮುಂದಿಟ್ಟರು. ತಿರುಗಿಸಿ ನೋಡಿದರೆ ಜಿಎಲ್-4. ಎಣ್ಣೆ ಎಷ್ಟು ಒತ್ತಡ ತಡೆಯುತ್ತದೆ ಅನ್ನೋ ದರ್ಜೆ ಅದು. ನನ್ನ ಗಾಡಿ ಪುಸ್ತಕದಲ್ಲಿ ಹಿಂದಿನ ಆಕ್ಸಲಿಗೆ ಬರೆದಿದ್ದು 80ಡಬ್ಲ್ಯೂ-90, ಜಿಎಲ್-5.

ಈ ಜಿಎಲ್ ನಂಬರನ್ನು ಯಾರೂ ನೋಡಲ್ಲ, ನಾನಂತೂ ಮೊದಲು ನೋಡೋದೇ ಅದನ್ನ. ಇಂಥ ಗಾಡಿಗಳಲ್ಲಿ ಪಿನಿಯನ್ ಅನ್ನೋ ಸಣ್ಣ ಗೇರು ಕ್ರೌನ್ ಅನ್ನೋ ದೊಡ್ಡ ಗೇರಿನ ಸರಿ ಮಧ್ಯಕ್ಕೆ ಕೂತಿರುವುದಿಲ್ಲ, ಸ್ವಲ್ಪ ಕೆಳಗಿರುತ್ತದೆ, ಹೈಪಾಯ್ಡ್ ಅನ್ನೋದು ಇದಕ್ಕೇ, ಹಾಗಾಗಿ ಹಲ್ಲುಗಳು ಒಂದರ ಮೇಲೊಂದು ಜಾರಿಕೊಂಡು ಉಜ್ಜುತ್ತಲೇ ತಿರುಗುತ್ತವೆ. ಆ ಒತ್ತಡಕ್ಕೆ ಬರೀ ಎಣ್ಣೆ ಪಕ್ಕಕ್ಕೆ ಸರಿದುಬಿಡುತ್ತದೆ. ಆಗ ಕಾಪಾಡೋದು ಅದರೊಳಗಿನ ಗಂಧಕ-ರಂಜಕದ ಮಸಾಲೆ, ಗೇರ್ ಆಯಿಲ್ಲಿನ ಕೆಟ್ಟ ವಾಸನೆ ಇದರದ್ದೇ. ಜಿಎಲ್-5ರಲ್ಲಿ ಇದು ಜಾಸ್ತಿ. ಹಾಗಂತ ಉಳಿದದ್ದನ್ನು ಜಿಎಲ್-4 ಕೇಳುವ ಗೇರ್‌ಬಾಕ್ಸಿಗೆ ಸುರಿಯಬೇಡಿ, ಗೇರ್ ಸಲೀಸಾಗಿ ಬೀಳಲು ಇರುವ ಸಿಂಕ್ರೊ ರಿಂಗಿನ ಹಿತ್ತಾಳೆಗೆ ಅದು ಆಗಿಬರಲ್ಲ.

140ರ ಆಸೆ ಕೂಡ ಬಿಟ್ಟೆ. ಅದು ಭಾರ ಎಳೆದು ಕಾದು ಹೋಗುವ ಲಾರಿಗಳಿಗೆ ಸರಿ. ನಮ್ಮಲ್ಲಿ ಡಿಸೆಂಬರ್ ಬೆಳಗಿನ ಚಳಿಗೆ ಅಷ್ಟು ಗಟ್ಟಿ ಎಣ್ಣೆ ಪಿನಿಯನ್ ಬೇರಿಂಗಿಗೆ ನಿಧಾನಕ್ಕೆ ತಲುಪುತ್ತದೆ. 90 ಅಂದರೆ ನೀರು ಅಂತಲೂ ಅಲ್ಲ, ಇಂಜಿನ್ ಆಯಿಲ್ಲಿನ 40, 50ರಷ್ಟು ಗಟ್ಟಿ ಇರುತ್ತದೆ. ಎರಡರ ಅಳತೆಗೋಲೇ ಬೇರೆ.

ಸರಿಯಾದ ಡಬ್ಬ ತಂದು ನಾನೇ ಜೀಪಿನಡಿ ನುಗ್ಗಿದೆ. ತಪ್ಪು ಮಾಡಿದ್ದು ಅಲ್ಲೇ. ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚಿ ಎಣ್ಣೆಯೆಲ್ಲ ಇಳಿಸಿದ ಮೇಲೆ ನೋಡಿದರೆ ತುಂಬುವ ಬೋಲ್ಟ್ ತುಕ್ಕು ಹಿಡಿದು ಅಲ್ಲಾಡ್ತಿಲ್ಲ. ಹಣ್ಣು ಕೊಯ್ದು ಚೀಲ ಕಟ್ಟಿಟ್ಟಿದ್ದಾರೆ, ಗಾಡಿ ಎರಡು ದಿನ ಕಲ್ಲಿನ ಮೇಲೆ! ಮೊದಲು ಮೇಲಿನದು ಬಿಚ್ಚಿ, ಆಮೇಲೆ ಕೆಳಗಿನದು.

ಇಳಿದ ಎಣ್ಣೆಯೋ, ಥೇಟ್ ಹಾಲು ಹಾಕಿದ ಕಾಫಿ. ಮಳೆಗಾಲದಲ್ಲಿ ಹಳ್ಳ ದಾಟುವಾಗ ನೀರು ಹೋಗಿದೆ. ಗೇರುಗಳ ಕವಚ, ಅಂದರೆ ಹೌಸಿಂಗ್, ಕಾದಿದ್ದಾಗ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ ನೀರು ಎಳೆದುಕೊಳ್ಳುತ್ತದೆ, ನನ್ನ ಜೀಪಿನಲ್ಲಿ ಗಾಳಿ ಆಡುವ ಬ್ರೀದರ್ ಬೇರೆ ಮಣ್ಣು ತುಂಬಿ ಕಟ್ಟಿಕೊಂಡಿತ್ತು, ಹಾಗಾಗಿ ಸೀಲ್ ಸಂದಿಯಿಂದಲೇ ಎಳೆದಿರಬೇಕು. ಬ್ರೀದರ್ ತೊಳೆದು, ಜೀಪನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಮೇಲಿನ ತೂತಿನಿಂದ ಎಣ್ಣೆ ತುಳುಕುವವರೆಗೆ ತುಂಬಿದೆ. ಒಳಗೆ ಉಳಿದ ನೀರೂ ಹೋಗಲಿ ಅಂತ 500 ಕಿಲೋಮೀಟರಿಗೆ ಇನ್ನೊಮ್ಮೆ ಬದಲಿಸಿದೆ.

ಶಬ್ದ ಮಾತ್ರ ಹೋಗಲಿಲ್ಲ. ಅದು ಎಡಗಡೆ ಹಿಂದಿನ ಚಕ್ರದ ಬೇರಿಂಗಿನದ್ದಾಗಿತ್ತು.