ಬಣ್ಣದ ರಾಸ್ ಮೀನುಗಳ ಆಯ್ಕೆ ಮತ್ತು ಆರೈಕೆ

ಉಪ್ಪುನೀರಿನ ಅಕ್ವೇರಿಯಂಗೆ ರಾಸ್ (wrasse) ಎಂಬ ಸಮುದ್ರ ಮೀನನ್ನು ತರುವ ಮೊದಲು ತೊಟ್ಟಿಯ ಬಾಯನ್ನು ಮುಚ್ಚಬೇಕು. ಬೆದರಿದಾಗ ಮೇಲಕ್ಕೆ ಚಿಮ್ಮುವುದು ಇವುಗಳ ಸಹಜ ಸ್ವಭಾವವಾದ್ದರಿಂದ, ಕೊಳವೆಗಾಗಿ ಬಿಟ್ಟ ಸಣ್ಣ ಸಂದಿಯೂ ಸಾವಿಗೆ ದಾರಿಯಾಗಬಹುದು. ಸುಮಾರು 6 ಮಿಲಿಮೀಟರ್ ಕಣ್ಣಿನ ಬಲೆಯನ್ನು ಅಂಚಿನವರೆಗೂ ಬಿಗಿಯಾಗಿ ಹೊದಿಸುವುದು ಉತ್ತಮ.

ಆಯ್ಕೆ ಮಾಡುವಾಗ ಬಣ್ಣಕ್ಕಿಂತ ಮೊದಲು ಸ್ವಭಾವವನ್ನು ನೋಡಬೇಕು. ಫೇರಿ ಮತ್ತು ಫ್ಲ್ಯಾಶರ್ ರಾಸ್‌ಗಳು ನೀರಿನಲ್ಲಿ ತೇಲಿಬರುವ ಸೂಕ್ಷ್ಮ ಜೀವಿಗಳನ್ನು ತಿನ್ನುತ್ತವೆ, ಹವಳಗಳ ಗೊಡವೆಗೆ ಹೋಗುವುದಿಲ್ಲ. ಮೊದಲ ಬಾರಿಗೆ ಸಾಕುವವರಿಗೆ ನಾನು ಸೂಚಿಸುವುದು ಇವುಗಳನ್ನೇ. ಆರು ಗೆರೆಯ ರಾಸ್ ಗಾತ್ರದಲ್ಲಿ ಚಿಕ್ಕದಾದರೂ, ನೆಲೆಯೂರಿದ ಮೇಲೆ ಹೊಸಬರನ್ನು ಅಟ್ಟಾಡಿಸುವುದರಿಂದ ಅದನ್ನು ಎಲ್ಲಕ್ಕಿಂತ ಕೊನೆಗೆ ಬಿಡಬೇಕು. ಇತರ ಮೀನುಗಳ ಮೈಮೇಲಿನ ಪರಾವಲಂಬಿಗಳನ್ನು ತಿಂದು ಬದುಕುವ ಕ್ಲೀನರ್ ರಾಸ್, ಮನೆಯ ತೊಟ್ಟಿಯಲ್ಲಿ ಹೆಚ್ಚಾಗಿ ಹಸಿವಿನಿಂದ ಸೊರಗುತ್ತದೆ. ಅದನ್ನು ಕೊಳ್ಳದಿರುವುದೇ ಅದಕ್ಕೆ ತೋರುವ ಕರುಣೆ.

ಲೆಪರ್ಡ್ ರಾಸ್ ಮರಳಿನಲ್ಲಿ ಹೂತುಕೊಂಡು ಮಲಗುತ್ತದೆ. ಅದಕ್ಕೆ ಕನಿಷ್ಠ 5 ಸೆಂಟಿಮೀಟರ್ ಆಳದ ನುಣುಪಾದ ಮರಳು ಬೇಕು. ಪ್ರತ್ಯೇಕ ತೊಟ್ಟಿಯಲ್ಲಿಟ್ಟು ಗಮನಿಸುವಾಗಲೂ ಮರಳು ತುಂಬಿದ ಒಂದು ಬಟ್ಟಲನ್ನು ಇಡಬೇಕು. ಹೊಸದಾಗಿ ತಂದ ಮೀನು ಕೆಲವು ದಿನ ಕಾಣಿಸದೇ ಹೋದರೆ, ಸತ್ತಿರಬಹುದೆಂದು ಮರಳನ್ನು ಕೆದಕಬಾರದು.

ನೀರಿನ ಉಷ್ಣತೆ 24ರಿಂದ 26 ಡಿಗ್ರಿ ಸೆಲ್ಸಿಯಸ್, ಉಪ್ಪಿನಂಶವನ್ನು ಸೂಚಿಸುವ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸು ಸ್ಥಿರವಾಗಿರಲಿ. ಮೈಸಿಸ್ ಸೀಗಡಿಯಂಥ ಆಹಾರವನ್ನು ದಿನಕ್ಕೆ ಎರಡು ಮೂರು ಬಾರಿ ಸ್ವಲ್ಪಸ್ವಲ್ಪವೇ ಕೊಡಬೇಕು. ಫೇರಿ ರಾಸ್‌ಗಳ ಗುಂಪು ಬೇಕೆನಿಸಿದರೆ ಒಂದು ಗಂಡಿನೊಡನೆ ಎರಡು ಮೂರು ಹೆಣ್ಣುಗಳನ್ನಿಡಬೇಕು. ಒಂಟಿ ಗಂಡಿನ ಬಣ್ಣ ಕಾಲಕ್ರಮೇಣ ಮಂಕಾಗುವುದುಂಟು.