ನಿಮ್ಮ ನಾಯಿಯ ತಳಿ ನಿಷೇಧದ ಪಟ್ಟಿಗೆ ಸೇರಿದರೆ ಏನು ಮಾಡಬೇಕು

ನಗರಾಡಳಿತ ಕೆಲವು ನಾಯಿ ತಳಿಗಳನ್ನು ನಿಷೇಧಿಸಿದೆ ಎಂಬ ಸುದ್ದಿ ಕಿವಿಗೆ ಬಿದ್ದಾಗ ಕೆಲವರು ‘ನಮ್ಮದು ಸಾಧು ನಾಯಿ, ನಮಗೇನೂ ಆಗದು’ ಎಂದು ಸುಮ್ಮನಿದ್ದುಬಿಡುತ್ತಾರೆ. ಇನ್ನು ಕೆಲವರು ಗಾಬರಿಬಿದ್ದು ರಾತ್ರೋರಾತ್ರಿ ನಾಯಿಯನ್ನು ಬೇರೆಯವರಿಗೆ ದಾಟಿಸುತ್ತಾರೆ. ಎರಡೂ ಅಪಾಯವೇ. ಸುಮ್ಮನಿದ್ದವರಿಗೆ ನೋಂದಣಿಯ ಗಡುವು ತಪ್ಪುತ್ತದೆ. ದಾಟಿಸಿದವರು ಹಲವು ಕಡೆ ಹೊಸದೊಂದು ಅಪರಾಧಕ್ಕೆ ಸಿಕ್ಕಿಬೀಳುತ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2023ರ ಡಿಸೆಂಬರ್ 31ರಿಂದ ಎಕ್ಸ್‌ಎಲ್ ಬುಲ್ಲಿ ಎಂಬ ದೊಡ್ಡ ಮೈಕಟ್ಟಿನ ನಾಯಿಯನ್ನು ಮಾರುವುದಷ್ಟೇ ಅಲ್ಲ, ಪುಕ್ಕಟೆ ಕೊಡುವುದೂ ಎಲ್ಲಾದರೂ ಬಿಟ್ಟುಬರುವುದೂ ಕಾನೂನುಬಾಹಿರ. ಇಂಥ ಕಾನೂನುಗಳ ಮುಂದೆ ನಾಯಿಯ ಒಳ್ಳೆಯ ಸ್ವಭಾವ ಒಂದೇ ಸಾಲದು. ನಾಯಿಯನ್ನು ಕಾಪಾಡುವುದು ನಿಮ್ಮ ಕೈಯಲ್ಲಿರುವ ಕಾಗದ ಮತ್ತು ಆ ಕಾಗದದ ಮೇಲಿನ ತಾರೀಖು.

ಮೊದಲು ಮೂಲ ಆದೇಶ ಓದಿ

ಪತ್ರಿಕೆಯ ಸುದ್ದಿಯನ್ನೋ ವಾಟ್ಸ್‌ಆ್ಯಪ್‌ನಲ್ಲಿ ಬಂದ ಪಟ್ಟಿಯನ್ನೋ ನಂಬಿಕೊಂಡು ಹೆಜ್ಜೆ ಇಡಬೇಡಿ. ಆದೇಶದ ಮೂಲ ಪ್ರತಿಯನ್ನೇ ತರಿಸಿಕೊಂಡು ಪೆನ್ಸಿಲ್ ಹಿಡಿದು ಓದಿ. ನಿಷೇಧಿತ ನಾಯಿ ಎಂದರೆ ಯಾವುದು ಎಂಬ ವ್ಯಾಖ್ಯೆ, ಜಾರಿಗೆ ಬರುವ ದಿನ, ಈಗಾಗಲೇ ಸಾಕಿರುವವರಿಗೆ ವಿನಾಯಿತಿ ಇದೆಯೇ, ಇದ್ದರೆ ಅದರ ಕೊನೆಯ ದಿನ, ಇವಿಷ್ಟಕ್ಕೆ ಗೆರೆ ಎಳೆದುಕೊಳ್ಳಿ. ‘ಸಾಕುವಂತಿಲ್ಲ’, ‘ಹೊಸದಾಗಿ ತರುವಂತಿಲ್ಲ’, ‘ಷರತ್ತಿನ ಮೇಲೆ ಸಾಕಬಹುದು’ ಎಂಬ ಮೂರೂ ಬೇರೆ ಬೇರೆ. ಸುದ್ದಿಯ ತಲೆಬರಹದಲ್ಲಿ ಮಾತ್ರ ಮೂರಕ್ಕೂ ‘ನಿಷೇಧ’ ಎಂದೇ ಇರುತ್ತದೆ.

ಆ ಆದೇಶ ಇವತ್ತಿಗೂ ಜೀವಂತವಾಗಿದೆಯೇ ಎಂದು ನೋಡುವುದು ಮುಂದಿನ ಕೆಲಸ. ಈ ಬಗೆಯ ಕಾನೂನುಗಳು ಬಂದಷ್ಟೇ ಬೇಗ ಬದಲಾಗುತ್ತವೆ, ಹಳೆಯ ಪಟ್ಟಿಗಳು ಅಂತರ್ಜಾಲದಲ್ಲಿ ಹಾಗೆಯೇ ಉಳಿದಿರುತ್ತವೆ. ಅಮೆರಿಕದ ಡೆನ್ವರ್ ನಗರದಲ್ಲಿ 1989ರಿಂದ ಇದ್ದ ಪಿಟ್‌ಬುಲ್ ನಿಷೇಧವನ್ನು 2020ರ ನವೆಂಬರ್‌ನಲ್ಲಿ ಮತದಾರರೇ ತೆಗೆದು ಪರವಾನಗಿ ಪದ್ಧತಿ ತಂದರು. ಅದೇ 1989ರಲ್ಲಿ ಮಯಾಮಿ-ಡೇಡ್ ಕೌಂಟಿ ತಂದಿದ್ದ ನಿಷೇಧ, ಫ್ಲೋರಿಡಾ ರಾಜ್ಯದ ಹೊಸ ಕಾನೂನಿನಿಂದ 2023ರ ಅಕ್ಟೋಬರ್ 1ಕ್ಕೆ ಬಿದ್ದುಹೋಯಿತು. ಮೇಲಿನ ಸರ್ಕಾರದ ಕಾನೂನು ಕೆಳಗಿನದನ್ನು ಹೀಗೆ ಅಳಿಸಬಲ್ಲದು. ನ್ಯಾಯಾಲಯಕ್ಕೂ ಆ ಅಧಿಕಾರವಿದೆ. ಭಾರತ ಸರ್ಕಾರ 2024ರ ಮಾರ್ಚ್ 12ರಂದು 23 ಬಗೆಯ ನಾಯಿಗಳ ಮೇಲೆ ಹೊರಡಿಸಿದ ಸುತ್ತೋಲೆಯನ್ನು, ಸಂಬಂಧಪಟ್ಟವರ ಅಭಿಪ್ರಾಯ ಕೇಳಿಲ್ಲ ಎಂಬುದೂ ಸೇರಿದಂತೆ ಹಲವು ಕಾರಣಕ್ಕೆ ಕರ್ನಾಟಕ ಹೈಕೋರ್ಟ್ ಏಪ್ರಿಲ್ 10ರಂದು ರದ್ದುಪಡಿಸಿತು. ಹಾಗೆಂದು ಕೇಂದ್ರದ ಸುತ್ತೋಲೆ ಹೋಯಿತೆಂದರೆ ನಗರದ ಬೇರೆ ನಿಯಮವೂ ಹೋಯಿತು ಎಂದಲ್ಲ. ಪ್ರತಿಯೊಂದು ಹಂತವನ್ನೂ ಬೇರೆಬೇರೆಯಾಗಿ ವಿಚಾರಿಸಬೇಕು.

ಹೆಸರೋ, ನೋಟವೋ?

ಬಹಳ ಜನ ಎಡವುವುದು ಇಲ್ಲೇ. ‘ನಮ್ಮದು ಮಿಶ್ರತಳಿ, ಪಟ್ಟಿಯಲ್ಲಿ ಇಲ್ಲ’ ಎಂದು ಧೈರ್ಯವಾಗಿರುತ್ತಾರೆ. ಆದರೆ ಹಲವು ಕಾನೂನುಗಳು ನೋಡುವುದು ವಂಶವನ್ನಲ್ಲ, ಮೈಕಟ್ಟನ್ನು. ಬ್ರಿಟನ್ನಿನ 1991ರ ಕಾಯ್ದೆ ಪಿಟ್‌ಬುಲ್ ಟೆರಿಯರ್, ಜಪಾನೀಸ್ ಟೋಸಾ, ಡೋಗೋ ಅರ್ಜೆಂಟೀನೋ, ಫಿಲಾ ಬ್ರಸಿಲೇರೋ ‘ಮಾದರಿಯ’ ನಾಯಿ ಎನ್ನುತ್ತದೆ. ಅಪ್ಪ ಅಮ್ಮ ಯಾವ ತಳಿಯಾದರೂ ಮರಿ ಬೆಳೆದು ಆ ಲಕ್ಷಣಗಳನ್ನು ಸಾಕಷ್ಟು ಹೊತ್ತರೆ ಮುಗಿಯಿತು. ಅಲ್ಲಿ ಮೊಕದ್ದಮೆ ನಡೆದರೆ ‘ಇದು ಆ ಮಾದರಿಯದಲ್ಲ’ ಎಂದು ತೋರಿಸುವ ಹೊಣೆ ಮಾಲೀಕರದ್ದು. ಫ್ರಾನ್ಸ್‌ನಲ್ಲಿ ಇದಕ್ಕೆ ತದ್ವಿರುದ್ಧವಾಗಿ ಕಾಗದಕ್ಕೆ ಬೆಲೆ: ವಂಶಾವಳಿ ನೋಂದಣಿಯಿರುವ ಅಮೆರಿಕನ್ ಸ್ಟ್ಯಾಫರ್ಡ್‌ಶೈರ್ ಟೆರಿಯರ್ ಎರಡನೇ ವರ್ಗದಲ್ಲಿ ಬರುತ್ತದೆ, ಅದನ್ನು ಷರತ್ತಿನ ಮೇಲೆ ಸಾಕಬಹುದು. ಅಂಥದೇ ಮೈಕಟ್ಟಿನ, ಆದರೆ ಕಾಗದವಿಲ್ಲದ ನಾಯಿ ಮೊದಲ ವರ್ಗಕ್ಕೆ ಬೀಳುತ್ತದೆ. ಅದನ್ನು ಕೊಳ್ಳುವಂತಿಲ್ಲ, ಮಾರುವಂತಿಲ್ಲ, ಯಾರಿಗೂ ಕೊಡುವಂತಿಲ್ಲ. ಆದ್ದರಿಂದ ನಿಮ್ಮಲ್ಲಿ ಯಾವ ಪುರಾವೆ ಕೆಲಸಕ್ಕೆ ಬರುತ್ತದೆ ಎಂಬುದನ್ನು ಆದೇಶದ ವ್ಯಾಖ್ಯೆಯೇ ತೀರ್ಮಾನಿಸುತ್ತದೆ. ಮೈಕಟ್ಟು ನೋಡುವ ಕಡೆ ಡಿಎನ್‌ಎ ಪರೀಕ್ಷೆಗೆ ಹಣ ಸುರಿದರೆ ವ್ಯರ್ಥವಾಗಬಹುದು. ವಂಶ ನೋಡುವ ಕಡೆ ಅದೇ ವರದಿ ನಾಯಿಯನ್ನು ಉಳಿಸಬಹುದು.

ಕಣ್ಣಳತೆ ಎಷ್ಟು ತಪ್ಪುತ್ತದೆ ಎನ್ನುವುದಕ್ಕೆ 2015ರಲ್ಲಿ ಪ್ರಕಟವಾದ ಫ್ಲೋರಿಡಾದ ಅಧ್ಯಯನವನ್ನು ನೋಡಬಹುದು. ನಾಲ್ಕು ಆಶ್ರಯಧಾಮಗಳ 120 ನಾಯಿಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಸಿಬ್ಬಂದಿ ಪಿಟ್‌ಬುಲ್ ಮಾದರಿ ಎಂದು ಗುರುತಿಸಿದ್ದರು. ಡಿಎನ್‌ಎ ಪರೀಕ್ಷೆಯಲ್ಲಿ ಹಾಗೆ ಕಂಡುಬಂದದ್ದು ಸುಮಾರು ಐದರಲ್ಲಿ ಒಂದು. ದಿನವೂ ನಾಯಿಗಳ ಜೊತೆ ಇರುವವರ ಕಣ್ಣೇ ಹೀಗಾದರೆ, ಬೀದಿಯಲ್ಲಿ ನಿಂತು ದೂರು ಬರೆಯುವವರ ಕಣ್ಣನ್ನು ಕೇಳಬೇಕೇ?

ಎತ್ತರವೂ ಲಕ್ಷಣವಾಗಿರುವ ಕಡೆ ಸರಿಯಾಗಿ ಅಳೆಯಿರಿ. ಎಕ್ಸ್‌ಎಲ್ ಬುಲ್ಲಿ ವ್ಯಾಖ್ಯೆಯಲ್ಲಿ ವಯಸ್ಕ ಗಂಡಿಗೆ 51 ಸೆಂ.ಮೀ., ಹೆಣ್ಣಿಗೆ 48 ಸೆಂ.ಮೀ. ಅಥವಾ ಅದಕ್ಕೂ ಹೆಚ್ಚಿನ ಎತ್ತರ ಎಂದಿದೆ. ಇದು ತಲೆಯ ಎತ್ತರವಲ್ಲ. ಕುತ್ತಿಗೆ ಮುಗಿದು ಬೆನ್ನು ಶುರುವಾಗುವಲ್ಲಿ, ಎರಡು ಭುಜದ ಮೂಳೆಗಳ ನಡುವಿನ ಉಬ್ಬಿನ ಎತ್ತರ. ನಾಯಿಯನ್ನು ಗಟ್ಟಿ ನೆಲದ ಮೇಲೆ ಗೋಡೆಗೆ ಒತ್ತಿ ನಿಲ್ಲಿಸಿ. ನಾಲ್ಕೂ ಕಾಲು ನೆಟ್ಟಗಿರಲಿ, ತಲೆ ಸಹಜವಾಗಿರಲಿ. ಆ ಉಬ್ಬಿನ ಮೇಲೆ ಚಪ್ಪಟೆ ಪಟ್ಟಿಯನ್ನು ಅಡ್ಡಲಾಗಿ ಇಟ್ಟು ಗೋಡೆಗೆ ಗುರುತು ಹಾಕಿ, ನೆಲದಿಂದ ಅಳೆಯಿರಿ. ಮೂರು ಸಲ ಅಳೆದು ಪಶುವೈದ್ಯರ ಮುಂದೆ ಇನ್ನೊಮ್ಮೆ ಅಳೆಸಿ, ಬರೆಸಿಕೊಳ್ಳಿ. ಟೇಪನ್ನು ಮೈಯ ಬಾಗಿಗೆ ಅಂಟಿಸಿ ಅಳೆದರೆ ಎತ್ತರ ಇರುವುದಕ್ಕಿಂತ ಹೆಚ್ಚು ಬರುತ್ತದೆ.

ಕಡತ ಕಟ್ಟುವ ಕ್ರಮ

ನಾಯಿಯ ಗುರುತಿನ ಸಂಖ್ಯೆ ಇರುವ ಪುಟ್ಟ ಮೈಕ್ರೋಚಿಪ್‌ನಿಂದ ಶುರುಮಾಡಿ, ಏಕೆಂದರೆ ಮುಂದಿನ ಪ್ರತಿ ಪ್ರಮಾಣಪತ್ರದಲ್ಲೂ ಆ 15 ಅಂಕಿಯ ಸಂಖ್ಯೆ ಬರಬೇಕು. ಹೆಚ್ಚು ಕಡೆ ಅದನ್ನು ಹಾಕುವುದು ಭುಜಗಳ ನಡುವೆ ಚರ್ಮದಡಿ. ಕೆಲವೊಮ್ಮೆ ಚಿಪ್ ಅಲ್ಲಿಂದ ಜರುಗುತ್ತದೆ, ಹಾಗಾಗಿ ವರ್ಷಕ್ಕೊಮ್ಮೆ ಸ್ಕ್ಯಾನರ್ ಹಿಡಿಸಿ ಓದಿಸಿ. ಚಿಪ್ ಹಾಕಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಆ ಸಂಖ್ಯೆ ನಿಮ್ಮ ಈಗಿನ ಹೆಸರು, ವಿಳಾಸ, ಫೋನಿನೊಂದಿಗೆ ಚಿಪ್‌ಗಳ ದತ್ತಸಂಚಯದಲ್ಲಿ ನೋಂದಣಿಯಾಗಿರಬೇಕು. ಮನೆ ಬದಲಿಸಿದ ಮೇಲೆ ವಿಳಾಸ ತಿದ್ದಿಸದೆ ಬಿಡುವುದು ತೀರಾ ಸಾಮಾನ್ಯ ತಪ್ಪು.

ಆಮೇಲೆ ರೇಬೀಸ್ ಲಸಿಕೆಯ ಪತ್ರ, ಅದರಲ್ಲಿ ಲಸಿಕೆಯ ಬ್ಯಾಚ್ ಸಂಖ್ಯೆ ಮತ್ತು ಮುಂದಿನ ತಾರೀಖು. ಕಾನೂನು ಸಂತಾನಹರಣ ಶಸ್ತ್ರಚಿಕಿತ್ಸೆ ಕೇಳಿದ್ದರೆ ಇವತ್ತೇ ದಿನ ಗೊತ್ತುಮಾಡಿ, ಗಡುವಿನ ಕೊನೆಯ ವಾರಗಳಲ್ಲಿ ಪಶುವೈದ್ಯರ ಬಳಿ ದಿನ ಸಿಗುವುದಿಲ್ಲ. ಮರಿಯಾಗಿದ್ದರೆ ವಯಸ್ಸಿಗೆ ತಕ್ಕ ಬೇರೆ ಗಡುವು ಇದೆಯೇ ನೋಡಿ. ಮೂರನೆಯವರಿಗೆ ಆಗುವ ಹಾನಿಯ ವಿಮೆ ಬೇಕಿದ್ದರೆ ಪಾಲಿಸಿಯ ‘ಒಳಗೊಳ್ಳದವು’ ಭಾಗವನ್ನು ಅಕ್ಷರಬಿಡದೆ ಓದಿ. ಎಷ್ಟೋ ಮನೆವಿಮೆಗಳು ಇದೇ ತಳಿಗಳನ್ನು ಹೊರಗಿಟ್ಟಿರುತ್ತವೆ, ಪ್ರೀಮಿಯಂ ಕಟ್ಟಿಯೂ ರಕ್ಷಣೆ ಇರುವುದಿಲ್ಲ. ಸ್ಪೇನ್‌ನಲ್ಲಿ ಪಟ್ಟಿಯ ನಾಯಿಗಳಿಗೆ ವಿಮೆ ಕನಿಷ್ಠ 1,20,000 ಯೂರೋ ಇರಬೇಕು, ಲೀಶ್ (ನಾಯಿಯನ್ನು ಹಿಡಿದು ನಡೆಸುವ ಹಗ್ಗ) 2 ಮೀಟರಿಗಿಂತ ಚಿಕ್ಕದಿರಬೇಕು. ಡೆನ್ವರ್ ಪರವಾನಗಿಗೆ ತುರ್ತಿಗೆ ಕರೆಯಬಹುದಾದ ಇಬ್ಬರ ವಿವರವನ್ನೂ ಕೊಡಬೇಕು. ಅಲ್ಲಿ 36 ತಿಂಗಳು ಯಾವ ಉಲ್ಲಂಘನೆಯೂ ಇಲ್ಲದಿದ್ದರೆ ನಾಯಿಯನ್ನು ಸಾಮಾನ್ಯ ಪರವಾನಗಿಗೆ ಬದಲಿಸಿಕೊಳ್ಳಬಹುದು. ಇಂಥ ಅವಕಾಶವನ್ನು ಯಾರೂ ಕರೆದು ಹೇಳುವುದಿಲ್ಲ, ನೀವೇ ತಾರೀಖು ಬರೆದಿಟ್ಟುಕೊಂಡು ಅರ್ಜಿ ಹಾಕಬೇಕು.

ಎಲ್ಲದರ ಎರಡು ಪ್ರತಿ ಇರಲಿ. ಒಂದು ಮನೆಯಲ್ಲಿ, ಇನ್ನೊಂದು ನಾಯಿಯನ್ನು ಹೊರಗೆ ಕರೆದೊಯ್ಯುವ ಎಲ್ಲರ ಫೋನಿನಲ್ಲಿ.

ಮಝಲ್ ಅಭ್ಯಾಸ

ಷರತ್ತುಗಳಲ್ಲಿ ನಾಯಿಗೆ ಅತಿ ಹೆಚ್ಚು ತಟ್ಟುವುದು ಮಝಲ್, ಅಂದರೆ ಕಚ್ಚದಂತೆ ಮೂತಿಗೆ ಹಾಕುವ ಕುಕ್ಕೆ. ಸಮಯ ಕೊಟ್ಟು ಮಾಡಿದರೆ ಅದಕ್ಕೆ ಹಿಂಸೆಯೇ ಆಗುವುದಿಲ್ಲ. ಕೊಳ್ಳುವುದಾದರೆ ಬುಟ್ಟಿಯಂಥ ಮಝಲ್ ಮಾತ್ರ ಕೊಳ್ಳಿ. ಬಾಯನ್ನು ಬಿಗಿದು ಮುಚ್ಚುವ ಬಟ್ಟೆಯದು ಆಸ್ಪತ್ರೆಯಲ್ಲಿ ಕೆಲವು ನಿಮಿಷಕ್ಕೆ ಸರಿ, ನಡಿಗೆಗೆ ಸಲ್ಲದು. ನಾಯಿ ಮೈ ತಂಪು ಮಾಡಿಕೊಳ್ಳುವುದೇ ಬಾಯಿ ತೆರೆದು ಏದುಸಿರು ಬಿಡುವುದರಿಂದ. ಬಾಯಿ ಕಟ್ಟಿ ಬಿಸಿಲಲ್ಲಿ ನಡೆಸಿದರೆ ಶಾಖಾಘಾತದಿಂದ ಸಾಯಬಹುದು.

ಅಳತೆ ಹೀಗೆ: ಕಣ್ಣಿನ ಕೆಳಗೆ ಒಂದು ಸೆಂ.ಮೀ. ಬಿಟ್ಟು ಅಲ್ಲಿಂದ ಮೂಗಿನ ತುದಿಯವರೆಗೆ ಉದ್ದ, ಮೂತಿಯ ದಪ್ಪ ಭಾಗದ ಸುತ್ತಳತೆ, ಮತ್ತು ಏದುಸಿರು ಬಿಡುವಾಗ ಬಾಯಿ ತೆರೆಯುವ ಎತ್ತರ. ಬುಟ್ಟಿಯೊಳಗೆ ಬಾಯಿ ಅಷ್ಟೇ ತೆರೆಯುವಂತಿರಬೇಕು, ಮೂಗಿನ ಮುಂದೆ ಒಂದು ಸೆಂ.ಮೀ. ಖಾಲಿ ಇರಬೇಕು, ನೀರು ಕುಡಿಯಲು ಬರಬೇಕು.

ಮೊದಲ ಕೆಲವು ದಿನ ಪಟ್ಟಿ ಕಟ್ಟುವ ಮಾತೇ ಬೇಡ. ಮಝಲ್ ಕಾಣಿಸಿದರೆ ತಿಂಡಿ, ಅಷ್ಟೇ. ಮುಂದೆ ಬುಟ್ಟಿಯ ತಳದಲ್ಲಿ ತಿಂಡಿ ಹಿಡಿದು ನಾಯಿ ತಾನಾಗಿಯೇ ಮೂತಿ ತೂರಿಸಲು ಬಿಡಿ. ಬುಟ್ಟಿಯನ್ನು ನೀವು ಅದರ ಮುಖಕ್ಕೆ ಒಯ್ಯಬೇಡಿ. ಮೂತಿ ಒಳಗಿಟ್ಟು ನಿಲ್ಲುವುದು ಸಲೀಸಾದ ಮೇಲೆ ಪಟ್ಟಿಯನ್ನು ಕಿವಿಯ ಹಿಂದೆ ಮುಟ್ಟಿಸಿ ತೆಗೆಯಿರಿ. ನಂತರ ಕಟ್ಟಿ ಐದು ಸೆಕೆಂಡ್, ಹತ್ತು, ಮೂವತ್ತು, ಒಂದು ನಿಮಿಷ, ಐದು ನಿಮಿಷ. ಕಟ್ಟಿರುವಷ್ಟು ಹೊತ್ತೂ ಜಾಲದ ನಡುವಿನಿಂದ ತಿಂಡಿ ಕೊಡುತ್ತಿರಿ, ಬಿಚ್ಚಿದೊಡನೆ ನಿಲ್ಲಿಸಿ. ಪಂಜದಿಂದ ಕೆರೆದುಕೊಳ್ಳತೊಡಗಿದರೆ ನೀವು ಅವಸರ ಮಾಡಿದ್ದೀರಿ ಎಂದರ್ಥ. ಒಂದು ಕ್ಷಣ ಗಮನ ಬೇರೆಡೆ ಸೆಳೆದು, ಕೆರೆಯುವುದು ನಿಂತಾಗ ಬಿಚ್ಚಿ, ಮರುದಿನ ಎರಡು ಮೆಟ್ಟಿಲು ಹಿಂದಕ್ಕೆ ಹೋಗಿ. ಕೆರೆಯುತ್ತಿರುವಾಗಲೇ ಬಿಚ್ಚಿದರೆ, ಕೆರೆದರೆ ಬಿಚ್ಚುತ್ತಾರೆ ಎಂದು ಅದು ಕಲಿಯುತ್ತದೆ. ಎರಡು ಮೂರು ವಾರದಲ್ಲಿ ಹೆಚ್ಚಿನ ನಾಯಿಗಳು ಒಗ್ಗುತ್ತವೆ, ಹೆದರಿಕೆಯ ನಾಯಿಗೆ ಇನ್ನೂ ಹೆಚ್ಚು ಬೇಕು. ಕಟ್ಟಿದಾಗ ಪಟ್ಟಿಯಡಿ ಒಂದು ಬೆರಳು ತೂರಬೇಕು. ಸಂಜೆ ಮೂಗಿನ ಸೇತುವೆಯ ಮೇಲೆ ಕೂದಲು ಉಜ್ಜಿಹೋಗಿದೆಯೇ ಎಂದು ನೋಡಿ.

ನೋಟಿಸ್ ಬಂದರೆ

ಅಧಿಕಾರಿಯೊಂದಿಗೆ ಬಾಗಿಲಲ್ಲಿ ಜಗಳ ಬೇಡ, ನಾಯಿ ನಿಮ್ಮ ದನಿ ಕೇಳಿಯೇ ಕೆರಳುತ್ತದೆ. ಯಾವ ಕಲಂ, ಯಾರು, ಎಷ್ಟು ಹೊತ್ತಿಗೆ, ನಾಯಿಯನ್ನು ಒಯ್ದರೆ ಎಲ್ಲಿಗೆ, ಇಷ್ಟನ್ನು ಬರೆದುಕೊಳ್ಳಿ. ನೋಟಿಸ್ ಕೈಗೆ ಬಂದ ದಿನವನ್ನು ಲಕೋಟೆಯ ಮೇಲೆಯೇ ಬರೆದು ಲಕೋಟೆಯನ್ನೂ ಇಟ್ಟುಕೊಳ್ಳಿ, ಮೇಲ್ಮನವಿಯ ಗಡುವು ಸಾಮಾನ್ಯವಾಗಿ ಅಲ್ಲಿಂದ ಎಣಿಕೆಯಾಗುತ್ತದೆ. ನಾಯಿಯ ಒಡೆತನ ಬಿಟ್ಟುಕೊಡುವ ಪತ್ರವನ್ನು ಮುಂದಿಟ್ಟರೆ ವಕೀಲರ ಜೊತೆ ಮಾತನಾಡದೆ ಸಹಿ ಹಾಕಲೇಬೇಡಿ. ‘ಸಹಿ ಹಾಕಿ, ಆಮೇಲೆ ನೋಡೋಣ’ ಎಂಬ ಮಾತಿಗೆ ಕರಗಿದರೆ ಆಮೇಲೆ ಎನ್ನುವುದೇ ಇರುವುದಿಲ್ಲ.

ವಾದದಲ್ಲಿ ಎರಡು ಪ್ರಶ್ನೆಗಳನ್ನು ಬೆರೆಸಬೇಡಿ. ಈ ನಾಯಿ ನಿಷೇಧಿತ ಮಾದರಿಯದೇ ಎಂಬುದು ಒಂದು. ಹೌದಾದರೂ ಅದು ಅಪಾಯಕಾರಿಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಅಳತೆ, ಪಕ್ಕದಿಂದಲೂ ಎದುರಿನಿಂದಲೂ ತೆಗೆದ ಫೋಟೋ, ಸ್ವತಂತ್ರ ತಜ್ಞರ ವರದಿ ಬೇಕು. ಎರಡನೆಯದಕ್ಕೆ ಪಶುವೈದ್ಯರ ಪತ್ರ, ತರಬೇತಿಯ ದಾಖಲೆ, ನಾಯಿಯನ್ನು ಬಲ್ಲ ನೆರೆಯವರ ಹೇಳಿಕೆ, ಬೇಲಿ ಮತ್ತು ಗೇಟಿನ ಚಿತ್ರ. ಬ್ರಿಟನ್ನಿನ ನ್ಯಾಯಾಲಯಗಳು ನಾಯಿಯ ಸ್ವಭಾವದ ಜೊತೆಗೆ ಮಾಲೀಕರು ತಕ್ಕವರೇ ಎಂಬುದನ್ನೂ ತೂಗುತ್ತವೆ. ಲೀಶ್ ಇಲ್ಲದೆ ಬಿಟ್ಟ ಹಳೆಯ ದೂರುಗಳು ಅಲ್ಲಿ ಭಾರವಾಗುತ್ತವೆ.

ಊರು ಬದಲಿಸುವಾಗ

ಬಾಡಿಗೆ ಮುಂಗಡ ಕೊಡುವ ಮೊದಲೇ ಅಲ್ಲಿನ ನಿಯಮ ನೋಡಿ. ಹಿಂದಿನ ಊರಿನ ವಿನಾಯಿತಿ ಪತ್ರ ಹೊಸ ಊರಿನಲ್ಲಿ ನಡೆಯುತ್ತದೆ ಎಂದು ಎಣಿಸಬೇಡಿ. ದೇಶ ದಾಟುವುದಾದರೆ ಆಮದಿನ ಕಾನೂನು ಬೇರೆಯೇ ಇದೆ: ಆಸ್ಟ್ರೇಲಿಯಾ ಪಿಟ್‌ಬುಲ್, ಟೋಸಾ, ಡೋಗೋ, ಫಿಲಾ, ಪ್ರೆಸಾ ಕನಾರಿಯೋಗಳನ್ನು ಒಳಗೆ ಬಿಡುವುದಿಲ್ಲ, ಜರ್ಮನಿಯೂ 2001ರ ಕಾನೂನಿನಲ್ಲಿ ಬುಲ್ ಟೆರಿಯರ್ ಸೇರಿ ನಾಲ್ಕು ತಳಿಗಳ ಆಮದನ್ನು ತಡೆದಿದೆ. ವಿಮಾನ ನಡುವೆ ಇಳಿಯುವ ದೇಶದ ನಿಯಮವನ್ನೂ ನೋಡಿ.

ಕಾನೂನು ಇನ್ನೂ ಕರಡಾಗಿದ್ದರೆ

ಮಾತಿಗೆ ಬೆಲೆ ಇರುವ ಹೊತ್ತು ಇದೇ. ಕಚ್ಚಿಸಿಕೊಂಡ ಮಕ್ಕಳ ತಂದೆತಾಯಿಯರೂ ಆ ಸಭೆಯಲ್ಲಿರುತ್ತಾರೆ. ಅವರ ನೋವನ್ನು ಅಲ್ಲಗಳೆಯುವ ಒಂದೇ ಒಂದು ಮಾತೂ ಬೇಡ. ತಳಿಪಟ್ಟಿಯಿಂದ ಆ ಮಕ್ಕಳಿಗೂ ರಕ್ಷಣೆ ಸಿಗುವುದಿಲ್ಲ ಎಂಬುದೇ ನಿಮ್ಮ ವಾದವಾಗಿರಲಿ. ನೆದರ್‌ಲ್ಯಾಂಡ್ಸ್ 1993ರಲ್ಲಿ ತಂದ ಪಿಟ್‌ಬುಲ್ ನಿಷೇಧವನ್ನು, ಕಡಿತ ಕಡಿಮೆಯಾಗಲಿಲ್ಲವೆಂದು 2008ರಲ್ಲಿ ಕೈಬಿಟ್ಟಿತು. ಪರ್ಯಾಯವನ್ನೂ ಬರೆದುಕೊಡಿ: ಎಲ್ಲ ನಾಯಿಗಳಿಗೂ ಚಿಪ್ ಮತ್ತು ಪರವಾನಗಿ, ಮೊದಲ ದೂರಿಗೇ ಮಾಲೀಕರ ಮೇಲೆ ದಂಡ, ಕಚ್ಚಿದ ನಾಯಿಗೆ ತಳಿ ನೋಡದೆ ಮಝಲ್ ಮತ್ತು ಕಡ್ಡಾಯ ತರಬೇತಿ, ದಿನವಿಡೀ ಸರಪಳಿಯಲ್ಲಿ ಕಟ್ಟಿಹಾಕುವುದಕ್ಕೆ ತಡೆ. ಕರಡಿನ ಯಾವ ಕಲಮನ್ನು ಹೇಗೆ ತಿದ್ದಬೇಕು ಎಂದು ಕಲಂ ಸಂಖ್ಯೆ ಸಹಿತ ಬರೆಯಿರಿ, ಬರೀ ‘ವಿರೋಧಿಸುತ್ತೇವೆ’ ಎಂದರೆ ಅದು ಎಣಿಕೆಗಷ್ಟೇ. ಆಕ್ಷೇಪಣೆ ಸಲ್ಲಿಸಿದ ಮೇಲೆ ಸ್ವೀಕೃತಿ ಸಂಖ್ಯೆ ಮತ್ತು ಮೊಹರು ಇರುವ ಪ್ರತಿಯನ್ನು ಪಡೆದೇ ಹೊರಡಿ. ಮುಂದೆ ನ್ಯಾಯಾಲಯದಲ್ಲಿ ‘ಸಾಕುವವರನ್ನೂ ಕೇಳಿದ್ದೆವು’ ಎಂದು ಆಡಳಿತ ಹೇಳಿದಾಗ, ನೀವು ಹೇಳಿದ್ದೇನು, ಅದಕ್ಕೆ ಸಿಕ್ಕ ಉತ್ತರವೇನು ಎಂಬುದನ್ನು ತೋರಿಸಲು ಆ ಪ್ರತಿ ಬೇಕಾಗುತ್ತದೆ.